ಪೋ ಬಿಟ್ಟ ದಿನ

ಶನಿವಾರ ಬೆಳಿಗ್ಗೆ ಎಂಟೂಕಾಲಕ್ಕೆ ಎಫ್ರೆನ್‌ನ ಮೊಬೈಲಿಗೆ ಬಂದ ಸಂದೇಶದಲ್ಲಿ ಇದ್ದದ್ದು ಎರಡೇ ಪದ.

"ಇನ್ನೂ ಪೋನಾ?"

ಅಷ್ಟೇ. ಹೂವಿಲ್ಲ, ನಗುಮುಖವಿಲ್ಲ. ಎಫ್ರೆನ್ ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಮೇಜಿನ ಮೇಲಿಟ್ಟು ಆ ಸಂದೇಶವನ್ನೇ ಆರು ಸಲ ಓದಿದ.

ಲಿಪಾ ಎಂಬ ಊರಿನ ಪೇಟೆಬೀದಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಪುಟ್ಟ ಕಾರ್ಖಾನೆಯೊಂದರಲ್ಲಿ ಎಫ್ರೆನ್ ಹಲ್ಲು ಉಜ್ಜಿ ನಯಮಾಡುವ ಕೆಲಸದವನು. ವಯಸ್ಸು ಮೂವತ್ತೇಳು. ಮೂರು ತಿಂಗಳ ಹಿಂದೆ, ಕುಂಡದ ಗಿಡ ಸಾಕುವವರ ಮೊಬೈಲ್ ಗುಂಪಿನಲ್ಲಿ ಕೊಳೆತ ಬೇರಿಗೆ ಮದ್ದು ಕೇಳಲು ಹೋಗಿ ಮಾರಿಸೆಲ್ ಎಂಬವಳ ಪರಿಚಯವಾಗಿತ್ತು. ಮಾತು ಬೇರಿನಿಂದ ಎಲೆಗೆ, ಎಲೆಯಿಂದ ಊಟತಿಂಡಿಗೆ ಬಂದು, ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಭೇಟಿ ಎಂದಾಗಿತ್ತು. "ಅಮ್ಮನ್ನೂ ಕರ್ಕೊಂಡು ಬರ್ತೀನಿ" ಎಂದು ಅವಳೇ ಬರೆದಿದ್ದಳು. ಅಮ್ಮ ಒಪ್ಪಿದರೆ ಮದುವೆ ಅರ್ಧ ಆದ ಹಾಗೆ. ಈ ಹಿಂದೆ ಎರಡು ಸಂಬಂಧಗಳು ಅಮ್ಮಂದಿರ ತನಕ ಬಂದು ಮುರಿದಿದ್ದವು. ಮೂರನೆಯದೂ ಕೈತಪ್ಪಿದರೆ ಮತ್ತೆ ಹುಡುಕುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಪೋ ಎಂದರೆ ಆ ಊರಿನಲ್ಲಿ ಮಾತಿನ ಕೊನೆಗೆ ಹಚ್ಚುವ ಮರ್ಯಾದೆ. ಹಿರಿಯರಿಗೆ, ಪಾದ್ರಿಗಳಿಗೆ, ಗುರುತಿಲ್ಲದವರಿಗೆ ಹಚ್ಚದೆ ಇದ್ದರೆ ಹೆತ್ತವರ ಮಾನ ಹೋಗುತ್ತದೆ. ಆದರೆ ಒಲಿಸಿಕೊಳ್ಳಬೇಕಾದ ಹೆಣ್ಣಿಗೆ ಎಷ್ಟು ದಿನ ಹಚ್ಚಬೇಕು ಎಂದು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. "ಮೊಬೈಲಲ್ಲಿ ಮುಖ ಕಾಣಲ್ಲ ಮಗಾ, ಒಂದಕ್ಕೆ ಎರಡು ಪೋ ಹಾಕು" ಎಂದು ಎಫ್ರೆನ್‌ನ ತಾಯಿ ಹೇಳಿದ್ದಳು. ಅವನು ಮೂರು ತಿಂಗಳು ಹಾಗೆಯೇ ಹಾಕಿದ್ದ. ಈ ದಿನವೂ "ಸರಿ ಪೋ, ಹನ್ನೆರಡಕ್ಕೆ ಬರ್ತೀನಿ ಪೋ" ಎಂದು ಬರೆದಿದ್ದ. ಅದಕ್ಕೆ ಬಂದ ಉತ್ತರವೇ ಇದು.

"ಮುಗೀತು ಬಿಡು" ಎಂದಳು ಹಿಂದಿನಿಂದ ಬಗ್ಗಿ ಓದಿದ ನೆನಿತಾ. ಮುಂದಿನ ಕೌಂಟರಿನಲ್ಲಿ ಕೂರುವ ಅವಳಿಗೆ ಬೇರೆಯವರ ಮೊಬೈಲು ಸ್ವಂತ ಕೈಚೀಲವಿದ್ದಂತೆ. "ಮೂವತ್ಮೂರರ ಹುಡುಗಿಗೆ ಮೂರು ತಿಂಗಳು ಪೋ ಅಂದ್ರೆ ನೀನು ನಮ್ಮಜ್ಜಿ ಥರ ಇದೀಯ ಅಂದಂಗೆ."

"ಅಕ್ಕಾ, ನಾನು ಮರ್ಯಾದೆಗೆ ಅಂತ..."

"ಮರ್ಯಾದೆ ಪಾದ್ರಿಗೆ ಕೊಡು."

ಒಳಗೆ ಪ್ಲಾಸ್ಟರಿನ ಅಚ್ಚು ಹೊಯ್ಯುತ್ತಿದ್ದ ಡೆಲ್ಫಿನ್ ಬಿಳಿಬಿಳಿ ಕೈಯಲ್ಲೇ ಎದ್ದು ಬಂದ. "ಅವಳ ಮಾತು ಕೇಳ್ಬೇಡ ತಮ್ಮಾ. ಇವತ್ತು ಅವರಮ್ಮ ಬೇರೆ ಬರ್ತಿದಾರೆ. ಪೋ ಬಿಟ್ಟೆ ಅಂದ್ರೆ ಕೆಟ್ಟೆ."

"ನಿಮ್ಮ ಮಾತು ಕೇಳಿದ್ರೆ ಇವನು ಅರವತ್ತಕ್ಕೂ ಒಂಟಿ."

ಇಬ್ಬರೂ ಜಗಳಕ್ಕೆ ನಿಂತರು. ನಡುವೆ ಎಫ್ರೆನ್ ಬೆವರುವ ಬೆರಳಿನಿಂದ "ತಪ್ಪಾಯ್ತು ಪೋ" ಎಂದು ಬರೆದು ಕಳಿಸಿಬಿಟ್ಟ. ಕಳಿಸಿದ ಮೇಲೆ ಓದಿಕೊಂಡ. ನೆನಿತಾಳೂ ಓದಿ ಹಣೆ ಹಣೆ ಚಚ್ಚಿಕೊಂಡಳು. ಆ ಕಡೆ ಓದಿಯಾಗಿದೆ ಎಂಬ ಗುರುತು ಬಂತು. ಉತ್ತರ ಮಾತ್ರ ಬರಲಿಲ್ಲ.

ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಎಫ್ರೆನ್ ಒಂದು ಕಣ್ಣು ಮೊಬೈಲಿನ ಮೇಲಿಟ್ಟು ಚರ್ಚಿನ ಪಾದ್ರಿಗಳಿಗೆಂದು ಮಾಡಿದ ಹಲ್ಲಿನ ಸೆಟ್ಟು ಉಜ್ಜುತ್ತಿದ್ದ. ನೋಡುವಷ್ಟರಲ್ಲಿ ಮುಂದಿನ ಎರಡು ಹಲ್ಲು ಅಕ್ಕಿಕಾಳಿನಷ್ಟಾಗಿದ್ದವು. ಡೆಲ್ಫಿನ್ ಅದನ್ನು ಬೆಳಕಿಗೆ ಹಿಡಿದು, "ಇದನ್ನ ಹಾಕ್ಕೊಂಡು ನಾಳೆ ಪ್ರವಚನ ಮಾಡಿದ್ರೆ ಪ್ರತಿ ಮಾತಿಗೂ ಸೀಟಿ ಹೊಡೆಯತ್ತೆ" ಎಂದು ನಿಟ್ಟುಸಿರು ಬಿಟ್ಟು ಮತ್ತೆ ಅಚ್ಚು ಹೊಯ್ಯಲು ಹೋದ.

ಅವನು ಒಳಗೆ ಹೋದದ್ದೇ ತಡ, ನೆನಿತಾ ಮೊಬೈಲು ಕಿತ್ತುಕೊಂಡಳು. ಆಗ ಸರಿಯಾಗಿ ಹತ್ತು ಗಂಟೆ. ಅವಳ ಹೆಬ್ಬೆರಳುಗಳು ಟಕಟಕ ಕುಣಿದವು: "ಚಿನ್ನಾ, ಇನ್ಮೇಲೆ ಪೋ ಇಲ್ಲ. ನೀನೇ ಬೇಕು ನಂಗೆ. ನಿನ್ನ ನೋಡೋ ತನಕ ಒಂದು ತುತ್ತು ಇಳಿಯಲ್ಲ."

"ಅಕ್ಕಾ, ಕಳಿಸ್ಬೇಡಿ ಅಕ್ಕಾ" ಎಂದು ಎಫ್ರೆನ್ ಮೇಜು ಸುತ್ತಿ ಓಡಿ ಬಂದ.

"ಹೋಯ್ತು."

ಕಿತ್ತಾಟದಲ್ಲಿ ಅವನ ಬೆರಳು ಪರದೆಯ ಮೂಲೆಯಲ್ಲಿದ್ದ ಮೇಲೆತ್ತಿದ ಹೆಬ್ಬೆಟ್ಟಿನ ಚಿತ್ರವನ್ನು ಒತ್ತಿ ಹಿಡಿಯಿತು. ಅದು ಬಲೂನಿನಂತೆ ಊದಿ ಊದಿ, ಪರದೆಯ ಅರ್ಧದಷ್ಟು ದೊಡ್ಡ ಹೆಬ್ಬೆಟ್ಟಾಗಿ "ಚಿನ್ನಾ"ದ ಹಿಂದೆಯೇ ಹೋಯಿತು. ಆ ಕಡೆ ಯಾರೋ ಬರೆಯುತ್ತಿರುವ ಮೂರು ಚುಕ್ಕಿ ಮೂಡಿದವು. ಮಾಯವಾದವು. ಮತ್ತೆ ಮೂಡಿದವು, ಮತ್ತೆ ಮಾಯವಾದವು. ಎಫ್ರೆನ್‌ಗೆ ನಿಜವಾಗಿ ಅಳು ಬಂತು. ಆ ಹುಡುಗಿ ಅವನಿಗೆ ಅಷ್ಟು ಬೇಕಾಗಿದ್ದಳು.

ಹನ್ನೊಂದೂವರೆಗೆ ಉತ್ತರ ಬಂತು. "ಬರ್ತೀನಿ. ಒಬ್ಬಳೇ ಬರ್ತೀನಿ."

"ನೋಡ್ದಾ, ಅಮ್ಮನ್ನೂ ಬಿಟ್ಟು ಬರ್ತಿದಾಳೆ" ಎಂದಳು ನೆನಿತಾ. ಡೆಲ್ಫಿನ್ ತಲೆ ಕೆರೆದುಕೊಂಡ. ತಲೆಗೂ ಪ್ಲಾಸ್ಟರು ಹತ್ತಿತು.

ಮಾರುಕಟ್ಟೆಯ ಹಿಂದೆ, ಲೋಮಿ ಎಂಬ ಬಿಸಿ ಶಾವಿಗೆ ಸಾರು ಮಾರುವ ಅಂಗಡಿಯಲ್ಲಿ ಎಫ್ರೆನ್ ಬಾಗಿಲಿಗೆ ಮುಖ ಮಾಡಿ ಕೂತ. ಹನ್ನೆರಡು ಹೊಡೆದು ಐದು ನಿಮಿಷಕ್ಕೆ ಕೆಂಪು ರವಿಕೆ ತೊಟ್ಟು, ತುಟಿಗೆ ಅದೇ ಕೆಂಪು ಬಳಿದುಕೊಂಡ ಹಿರಿಯ ಹೆಂಗಸೊಬ್ಬಳು ನೇರವಾಗಿ ಅವನ ಮೇಜಿಗೆ ಬಂದಳು. ಮುಖ ಮಾರಿಸೆಲ್‌ಳ ಫೋಟೋದ್ದೇ, ಮೂವತ್ತು ವರ್ಷ ಮುಂದೆ ಹೋದದ್ದು. ಅಮ್ಮ ಬಂದರು, ಸದ್ಯ ಬದುಕಿದೆ ಎಂದುಕೊಂಡು ಎಫ್ರೆನ್ ಧಡಕ್ಕನೆ ಎದ್ದು, ಹಿರಿಯರಿಗೆ ಮಾಡುವಂತೆ ಅವಳ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಲು ಬಗ್ಗಿದ.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಅದೆಲ್ಲ ಬೇಡ. ಕೂತ್ಕೊ."

"ಮಾರಿಸೆಲ್ ಎಲ್ಲಿ ಪೋ?"

"ಗಿಡಕ್ಕೆ ನೀರು ಹಾಕ್ತಾ ಮನೇಲಿರು ಅಂತ ಹೇಳಿ ಬಂದೆ. ಅವಳಿಗೆ ಬರೆಯೋಕೆ ಸೋಮಾರಿತನ. ಮೂರು ತಿಂಗಳಿಂದ ನಿಂಗೆ ಬರೀತಿದ್ದವಳು ನಾನೇ, ಎರ್ಲಿಂದಾ. ಮಗಳಿಗೆ ಮರ್ಯಾದಸ್ಥ ಹುಡುಗ ಬೇಕಿತ್ತು. ಇವತ್ತು ಬೆಳಿಗ್ಗೇನೂ ಪೋ ಬಿಟ್ಟಿಲ್ವಲ್ಲ ಅಂತ ಖುಷಿಯಾಗಿ ಕೇಳ್ದೆ, ಇನ್ನೂ ಪೋನಾ ಅಂತ. ಇವನೇ ಅಳಿಯ ಅಂತ ಮಗಳಿಗೂ ಹೇಳಿದ್ದೆ."

ಎಫ್ರೆನ್ ಕುರ್ಚಿಯ ತುದಿಗೆ ಸರಿದ. "ಈಗ... ಈಗ ಅಳಿಯ ಅಲ್ವಾ ಪೋ?"

"ಹತ್ತು ಗಂಟೆವರೆಗೆ ಮಗಳಿಗೋಸ್ಕರ ಹುಡುಕ್ತಿದ್ದೆ" ಎಂದಳು ಎರ್ಲಿಂದಾ. "ಆಮೇಲೆ ನಿನ್ನ ಚಿನ್ನಾ ಬಂತು. ನಮ್ಮನೆಯವರು ಹೋಗಿ ಹನ್ನೊಂದು ವರ್ಷ. ಅವರಾದ ಮೇಲೆ ನನ್ನ ಯಾರೂ ಹಾಗೆ ಕರೆದಿರ್ಲಿಲ್ಲ."

ಅದನ್ನು ಬರೆದದ್ದು ನಾನಲ್ಲ ಎನ್ನಲು ಎಫ್ರೆನ್ ಬಾಯಿ ತೆರೆದ. ಎದುರಿಗೆ ಅರವತ್ತು ದಾಟಿದ ಹೆಣ್ಣುಮಗಳು ಒದ್ದೆ ಕಣ್ಣಲ್ಲಿ ಅವನನ್ನೇ ನೋಡುತ್ತಿದ್ದಳು. ಹಿರಿಯರ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದನ್ನು ಅವನಿಗೆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಅವನು ಬಾಯಿ ಮುಚ್ಚಿದ.

ಎರ್ಲಿಂದಾ ಎರಡು ಬಟ್ಟಲು ಲೋಮಿ ಹೇಳಿ, ಕಣ್ಣೊರೆಸಿಕೊಂಡು, ಅವನ ಬಟ್ಟಲಿಗೆ ತಾನೇ ನಿಂಬೆ ಹಿಂಡಿದಳು.

"ನಾಳೆ ಚರ್ಚು ಮುಗಿಸ್ಕೊಂಡು ನಿಮ್ಮಮ್ಮನ್ನ ನೋಡೋಕೆ ಬರ್ತೀನಿ. ಅವರಿಗೆಷ್ಟು ವಯಸ್ಸು?"

"ಐವತ್ತೆಂಟು ಪೋ."

"ಹಾಗಾದ್ರೆ ತೊಂದರೆಯಿಲ್ಲ. ಸೊಸೆ ಅಂತ ಸಲಿಗೆ ತಗೊಳ್ದೆ ಅವರೇ ನಂಗೆ ಪೋ ಹಚ್ಚಿ ಮಾತಾಡ್ಬೇಕಾಗತ್ತೆ."