ನಮ್ಮ ಮನಿ ಸಾಲ್ಯಾಗ ಸೀಟು ಖಾಲಿ ಇಲ್ಲ

ಉಳಿದವರ ಮನಿ ಸುದ್ದಿ ಆಗಬೇಕಂದ್ರ ಯಾರಾದ್ರೂ ಓಡಿಹೋಗಬೇಕು, ಇಲ್ಲಾ ಅಣ್ತಮ್ಮಂದಿರು ಬಡಿದಾಡಬೇಕು. ನಮ್ಮ ಮನಿಗೆ ಅಷ್ಟೆಲ್ಲಾ ತ್ರಾಸು ಬೇಕಿಲ್ಲ. ಬೆಳಿಗ್ಗೆ ಸಾಲಿ ವ್ಯಾನು ನಮ್ಮ ಬಾಗಿಲ ಮುಂದ ನಿಲ್ಲದೆ ಹಾದುಹೋದ್ರ ಸಾಕು, ಮಾನ್ವಿ ಊರಾಗ ನಮ್ಮ ಓಣಿಗೆ ಅವತ್ತಿನ ಮಾತು ತಯಾರು.

ವಿಷಯ ಇಷ್ಟೇ. ನನ್ನ ಸಣ್ಣ ಸೊಸಿ ತನ್ನ ಮಗಳನ್ನ ಸಾಲಿ ಬಿಡಿಸಿ ಮನ್ಯಾಗ ತಾನೇ ಓದಿಸ್ತಾಳ. ಮೊಮ್ಮಗಳಿಗೆ ಒಂಬತ್ತು ವರ್ಷ. ವ್ಯಾನಿನ ಹಾರ್ನ್ ಕೇಳಿದ್ರ ಆ ಹುಡುಗಿಗೆ ಹೊಟ್ಟಿನೋವು ಬರ್ತಿತ್ತು, ವಾಂತಿ ಆಗ್ತಿತ್ತು. ವ್ಯಾನು ತಿರುವು ದಾಟಿತಂದ್ರ ಕುಂತು ರೊಟ್ಟಿ ತಿಂತಿತ್ತು. ನಾನಾಗಿದ್ರ ಬೆನ್ನಿಗೆ ಎರಡು ಬಿಟ್ಟು ಕಳಿಸ್ತಿದ್ದೆ. ಸೊಸಿ ಮೊದಲು ತಾನೇ ಕಾನ್ವೆಂಟಿನ್ಯಾಗ ಟೀಚರ್ ಇದ್ದಾಕಿ. "ಒಳಗ ಏನು ನಡೀತದ ಅಂತ ನನಗ ಗೊತ್ತದ ಅತ್ತಿ," ಅಂದಳು, ಮಗಳ ಪಾಟಿಚೀಲ ಗೋಡಿ ಮಾಡದಾಗ ಎತ್ತಿಟ್ಟಳು.

ಇದು ಯಾರಿಗೂ ಸೇರಲಿಲ್ಲ. ಅದರಾಗೂ ದೇವದುರ್ಗದಾಗ ಇರೋ ನನ್ನ ಹಿರಿ ಮಗನಿಗೆ. "ತಮ್ಮನ ಮಗಳು ಊರು ತಿರುಗಾಕತ್ಯಾಳ. ಒಂದಿನ ನಾನೇ ಬಂದು ಕರ್ಕೊಂಡು ಹೋಗಿ ಇಲ್ಲಿ ಸಾಲಿಗೆ ಹಾಕ್ತೀನಿ," ಅಂತ ಫೋನಿನ್ಯಾಗ ಗುಡುಗ್ತಿದ್ದ. ಸಣ್ಣ ಮಗ ಶಕ್ತಿನಗರದಾಗ ಪಾಳಿ ಕೆಲಸದಾಂವ, ಅಣ್ಣನ ಮಾತಿಗೆ ಹೂಂ ಅನ್ನೋದು ಬಿಟ್ರ ಬ್ಯಾರೆ ಕಲ್ತಿಲ್ಲ. ಹಿಂಗಾಗಿ ದೇವದುರ್ಗದ ಫೋನು ಬಂದ್ರ ಸೊಸಿ ಮೋತಿ ಸಣ್ಣದಾಗ್ತಿತ್ತು. ನನಗೂ ನನ್ನ ಸಂಕಟ ಇತ್ತು. ನಾನು ಎರಡನೇತ್ತಕ್ಕ ಸಾಲಿ ಬಿಟ್ಟಾಕಿ. ಬಳಗದ ವಾಟ್ಸಾಪ್ ಗ್ರೂಪಿನ್ಯಾಗ ಯಾರು ಯಾರಿಗೆ ಬೈದರು ಅನ್ನೋದನ್ನ ದಿನಾ ಮಧ್ಯಾಹ್ನ ನನಗ ಓದಿ ಹೇಳಾಕಿ ಆ ಹುಡುಗಿನೇ. ಆಕಿ ಹೋದ್ರ ನನ್ನ ಗತಿ ಏನು?

ಬಸ್ಸಿನ್ಯಾಗ ಸಿಕ್ಕ ಕೆಲಸ

ಕ್ವಾಟಿ ಕೊತ್ತಲ ನೋಡಿದ್ರ ಅದೂ ಇತಿಹಾಸದ ಪಾಠ ಅಂತ ಸೊಸಿ ಒಂದಿನ ನಮ್ಮಿಬ್ಬರನ್ನೂ ರಾಯಚೂರಿಗೆ ಕರ್ಕೊಂಡು ಹೊಂಟಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಮ್ಯಾಲೆ ಕುಂದ್ರಾಕ ಜಾಗ ಸಿಗೋದು ದೇವರ ದಯಾ. ಹುಡುಗಿ ನನ್ನ ತೊಡಿ ಮ್ಯಾಲಿದ್ದಳು. ಬಾಜೂಕ ಕಲ್ಲೂರಿನ ಒಬ್ಬ ಹೆಣ್ಣುಮಗಳು ಮಂಡಾಳ ಚುರುಮುರಿ ಚೀಲ ಹಿಡ್ಕೊಂಡು ಕುಂತಿದ್ದಳು. ಕೊಳ್ಳಾಗ ಬಂಗಾರದ ಬೋರಮಾಳ, ಕಣ್ಣೆಲ್ಲಾ ನಮ್ಮ ಮ್ಯಾಲೆ.

"ಇವತ್ತೇನು ಸಾಲಿ ಸೂಟಿ ಏನು ತಂಗಿ?" ಅಂತ ಕೇಳಿದಳು.

"ನಾ ಸಾಲಿಗೆ ಹೋಗಲ್ರೀ, ಮನ್ಯಾಗೇ ಇರ್ತೀನಿ," ಅಂತು ಹುಡುಗಿ.

ಆಕಿ ನನ್ನ ಸೊಸಿ ಕಡೆ ತಿರುಗಿದಳು. ಮಾಸಿದ ಸೀರಿ, ಕಾಲಾಗ ಹವಾಯಿ ಚಪ್ಪಲಿ. ಬಂಗಾರ ಹಾಕ್ಕೊಂಡು ಹೊರಬೀಳು ಅಂತ ನಾ ಬಡ್ಕೊಂಡಿದ್ದೆ, ಕೇಳಿರಲಿಲ್ಲ. ಆಕಿ ಸೊಸಿ ಕೈ ಹಿಡ್ಕೊಂಡಳು. "ಹೊಟ್ಟಿ ಕೆಲಸ ಯಾರಿಗೆ ತಪ್ಪೇದಬೇ. ನಾಚಬ್ಯಾಡ. ನಮ್ಮ ಹೊಲದಾಗ ಮೆಣಸಿನಕಾಯಿ ಬಿಡಿಸೋದು ಬರ್ತದ. ನೀನು ಬಾ. ಈ ಹುಡುಗಿ ಮಾತ್ರ ಬ್ಯಾಡ, ಇದನ್ನ ಸಾಲಿಗೆ ಹಾಕು, ಪುಸ್ತಕಕ್ಕ ನಾ ಕೊಡ್ತೀನಿ."

ಸೊಸಿ ಎಂ.ಎ. ಓದ್ಯಾಳ. ಅದನ್ನ ಹೇಳಬೇಕು ಅನ್ನೋದ್ರಾಗ ಕಲ್ಲೂರು ಬಂತು, ಆಕಿ ಅರ್ಧ ಚೀಲ ಮಂಡಾಳ ಹುಡುಗಿ ಉಡಿಗೆ ಸುರುವಿ ಇಳಿದಳು. ಬಸ್ಸು ಹೊಂಟಮ್ಯಾಲೆ ಸೊಸಿ ಕಿಡಕಿ ಕಡೆ ಮೋತಿ ಮಾಡಿ ಕುಂತಳು.

"ಬೇಜಾರ ಮಾಡ್ಕೋಬ್ಯಾಡ," ಅಂದೆ. "ಇಷ್ಟು ಓದಿದ್ದಕ್ಕ ಇವತ್ತು ಮೊದಲ ಸಲ ನಿನಗ ಯಾರೋ ತಾವಾಗೇ ಕರೆದು ಕೆಲಸ ಕೊಟ್ಟಾರ."

ಓಣಿ ಕೀಲಿ

ಹುಡುಗಿ ಮನ್ಯಾಗ ಇರ್ತಾಳ ಅನ್ನೋದು ಗೊತ್ತಾದಮ್ಯಾಲೆ ಓಣಿ ಮಂದಿಗೆ ನಮ್ಮ ಮನಿ ಮ್ಯಾಲೆ ಪ್ರೀತಿ ಉಕ್ಕಿತು. ಗ್ಯಾಸಿನಾಂವ ಬಂದ್ರ ಸಿಲಿಂಡರ್ ಇಳಿಸ್ಕೋ. ಮ್ಯಾಳಗಿ ಮ್ಯಾಲೆ ಹಪ್ಪಳ ಹಾಕೀನಿ, ಕಾಗಿ ಕಾಯಿ. ಕೀಲಿ ಇಟ್ಕೋ, ನಮ್ಮಾತ ಬಂದ್ರ ಕೊಡು. ಕೀಲಿ ಎಷ್ಟಾದವು ಅಂದ್ರ ನಮ್ಮ ಬಾಗಿಲದ ಮೊಳಿಗೆ ತೂಗಿದ ಗೊಂಚಲು ನೋಡಿದ್ರ ಕಳ್ಳನಿಗೆ ಕಣ್ಣೀರು ಬರಬೇಕು.

ಎಲ್ಲಾರಕಿಂತ ಹೆಚ್ಚಿಗಿ ಬರ್ತಿದ್ದಾಕಿ ಎದುರಿನ ಹಳದಿ ಗೇಟಿನಾಕಿ. ಹೆಸರು ಹೇಳಿ ಮಂದಿ ಮರ್ಯಾದಿ ಕಳಿಯಾಕಿ ನಾನಲ್ಲ, ಅದಕ್ಕ ಗೇಟಿನ ಬಣ್ಣ ಹೇಳೀನಿ. ಆಕಿ ಕೀಲಿ ಕೊಡೋ ನೆವದಾಗ ಅಡಗಿಮನಿ ತನಕ ಬಂದು, ಒಲಿ ಮ್ಯಾಲೇನದ, ಸೊಸಿ ಅತ್ತಾಳೇನು, ಎಲ್ಲಾ ನೋಡ್ಕೊಂಡು ಹೋಗ್ತಿದ್ದಳು. ನನಗೇನೂ ಅಡ್ಡಿ ಇರಲಿಲ್ಲ, ಆಕಿ ನಮ್ಮ ಸುದ್ದಿ ಒಯ್ದಷ್ಟೂ ನಾಕು ಮನಿ ಸುದ್ದಿ ಬಿಟ್ಟು ಹೋಗ್ತಿದ್ದಳು. ಆದ್ರ ಹುಡುಗಿ ಓದು ನಿಂತಿತು.

ಸೊಸಿ ಬೇಸತ್ತು ಬಾಗಿಲಿಗೆ ಒಂದು ಹಳೇ ಸ್ಟೀಲ್ ತಾಟು ತೂಗಹಾಕಿದಳು. ಸಾಲ್ಯಾಗ ಗಂಟಿ ಹೊಡೆದಂಗ ಬೆಳಿಗ್ಗೆ ಅದಕ್ಕ ಸವಟಿಲೆ ಹೊಡೀತಿದ್ದಳು. ತಾಟು ಬಾರಿಸಿದಮ್ಯಾಲೆ ಯಾರೂ ಒಳಗ ಬರೋಹಂಗಿಲ್ಲ.

ಮರುದಿನಾನೇ ಹಳದಿ ಗೇಟಿನಾಕಿ ಕೀಲಿ ಹಿಡ್ಕೊಂಡು ಬಂದಳು. ಹುಡುಗಿ ಬಾಗಿಲದಾಗೇ ತಡೀತು. "ನಮ್ಮ ಸಾಲಿ ಸುರು ಆಗ್ಯಾದ ಅತ್ತಿ, ಬಿಟ್ಟಮ್ಯಾಲೆ ಬರ್ರಿ."

"ಯಾವಾಗ ಬಿಡ್ತದವಾ ನಿಮ್ಮ ಸಾಲಿ?"

"ನಮ್ಮ ಅಜ್ಜಿ ಧಾರಾವಾಹಿ ಹಚ್ಚಿದಾಗ."

ದೇವದುರ್ಗದ ತೊಟ್ಟಿಲು

ಹಿರಿ ಸೊಸಿ ತವರುಮನ್ಯಾಗ ತೊಟ್ಟಿಲು ಹಾಕೋದಿತ್ತು, ದೇವದುರ್ಗಕ್ಕ ಹೋದ್ವಿ. ಕೂಸಿಗೆ ಹೆಸರು ಇಡಾಕ ಕರೆದಿದ್ರು, ಕೂಸಿನ ಕಡೆ ಒಬ್ಬರೂ ನೋಡವಲ್ರು. ಹೆಣ್ಣುಮಕ್ಕಳೆಲ್ಲಾ ಜಮಖಾನಿ ಮ್ಯಾಲೆ ಕುಂತು ತಮ್ಮ ತಮ್ಮ ಮಕ್ಕಳ ಸಾಲಿ ಹಾಡಿ ಹೊಗಳಾಕತ್ತಿದ್ರು. ನಮ್ಮ ಹುಡುಗನ ಸಾಲ್ಯಾಗ ಕಂಪ್ಯೂಟರ್ ಅದ, ನಮ್ಮದರಾಗ ಈಜಾಕ ಕಲಿಸ್ತಾರ. ಎಲ್ಲಾರಕಿಂತ ದೊಡ್ಡ ದನಿ ನನ್ನ ಹಿರಿ ಸೊಸೀದು. ನನ್ನ ಸಣ್ಣ ಸೊಸಿ ಎಲಿ ಅಡಿಕಿ ತಾಟಿನ್ಯಾಗ ಅಡಿಕಿ ಆರಿಸ್ಕೋತ ತಲಿ ತಗ್ಗಿಸಿದ್ದಳು.

ಯಾರೋ ಒಬ್ಬಾಕಿ ಕೇಳೇಬಿಟ್ಟಳು, "ನಿನ್ನ ಮಗಳು ಯಾವ ಸಾಲಿಬೇ?"

ಹಿರಿ ಸೊಸಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ನಗಿ ನೋಡಿ ನನ್ನ ಮೈ ಉರೀತು. ನಡಕ ಬಾಯಿ ಹಾಕಿದೆ.

"ಬಾಳ ಚೊಲೋ ಸಾಲಿ ಅದರೀ. ಒಂದು ಹುಡುಗಿಗೆ ಒಬ್ಬ ಟೀಚರ್. ಮಧ್ಯಾಹ್ನ ಬಿಸಿ ಅಡಗಿ, ತುಪ್ಪ ಬ್ಯಾರೆ. ಹೊಟ್ಟಿ ತುಂಬಿದಮ್ಯಾಲೆ ಮಲಗಿಸ್ತಾರ. ಮೈಯಾಗ ಹುಷಾರಿಲ್ಲ ಅಂದ್ರ ಟೀಚರೇ ತಲಿ ಒತ್ತತಾಳ."

ಇದರಾಗ ಒಂದು ಮಾತೂ ಸುಳ್ಳಿಲ್ಲ ಅನ್ನೋದು ನೆನಪಿರಲಿ.

"ನಮ್ಮ ಹುಡುಗನಿಗೂ ಅಡ್ಮಿಷನ್ ಸಿಗ್ತದೇನ್ರೀ?" ಅಂತ ನಾಕು ಮಂದಿ ಸರದು ಬಂದ್ರು.

"ಇಲ್ರೀ," ಅಂದೆ. "ಸೀಟು ತುಂಬ್ಯಾವ."

ಹಂದರ

ಆ ಮಾತು ಅಲ್ಲಿಗೆ ಮುಗೀಲಿಲ್ಲ. ನನ್ನ ಹಿರಿ ಸೊಸಿ ತವರಿನವರೇ ಆ ಸಾಲ್ಯಾಗ ಒಂದು ಸೀಟು ಕೊಡಿಸಂತ ನನ್ನ ಹಿರಿ ಮಗನಿಗೆ ಗಂಟುಬಿದ್ರು. ಬೀಗರ ಮುಂದ ಆತ ಬಾಯಿಬಿಟ್ಟು, ಅದು ಸಾಲಿ ಅಲ್ಲ, ನಮ್ಮ ತಮ್ಮನ ಪಡಸಾಲಿ ಅಂತ ಹೇಳಬೇಕಾತು. ಮಾನ ಹೋತು ಅಂತ ಕುದ್ದು ಫೋನ್ ಮಾಡಿದ. "ಐತವಾರ ಬರಾಕತ್ತೀನಿ. ಹುಡುಗಿ ಅರಿವಿ ಕಟ್ಟಿಡ್ರಿ. ಸಾಲಿಗೆ ಹೇಳಿ ಆಗ್ಯಾದ." ಸಣ್ಣ ಮಗ ಹೂಂ ಅಂದ. ಸೊಸಿ ಎರಡು ದಿನ ಒಲಿ ಮುಂದ ಕುಂತು ಕಣ್ಣು ಒರೆಸಿಕೊಂಡಳು.

ಹುಡುಗಿ ಅಳಲಿಲ್ಲ. "ಹೋಗೋದಾದ್ರ ನನ್ನ ಗೊಂಬಿ ಮದುವಿ ಮುಗಿಸಿ ಹೋಗ್ತೀನಿ," ಅಂತು. ಅದನ್ನ ತಾಯಿ ಮಗಳು ಮೊದಲೇ ಗೊತ್ತುಮಾಡಿದ್ರು, ಅದೂ ಒಂದು ಪಾಠ ಅಂತ. ಎಷ್ಟು ಮಂದಿಗೆ ಎಷ್ಟು ಬ್ಯಾಳಿ, ಎಷ್ಟು ಬೆಲ್ಲ, ಎಲ್ಲಾ ಹುಡುಗಿನೇ ಲೆಕ್ಕ ಹಾಕಬೇಕು. ನಾನೂ ಒಂದು ಮಾತು ಸೇರಿಸಿದೆ. ಮದುವಿ ಅಂದಮ್ಯಾಲೆ ಬಾಗಿಲ ಮುಂದ ಹಂದರ ಇರಬೇಕು, ಇಲ್ಲಂದ್ರ ಅದೇನು ಮದುವಿ? ಐತವಾರ ಮುಂಜಾನೆ ನಾಕು ಗಳ ನಿಲ್ಲಿಸಿ ತೆಂಗಿನ ಗರಿ ಹೊಚ್ಚಿಸಿ, ಮಾವಿನ ತೋರಣ ಕಟ್ಟಿಸಿದೆ. ಹುಡುಗಿ ಗೊಂಬಿಗೆ ಅರಿಷಿಣ ಹಚ್ಚಿ, ಉಳಿದದ್ದು ತನ್ನ ಮೋತಿಗೆ ಬಳ್ಕೊಂಡು, ಜರಿ ಲಂಗ ಉಟ್ಕೊಂಡು ಓಡಾಡಾಕತ್ತಿತ್ತು. ಸಣ್ಣ ಮಗ ಅವತ್ತೂ ಪಾಳಿಗೆ ಹೋಗಿದ್ದ.

ಈಗ ನೀವೇ ಹೇಳ್ರಿ. ಸಾಲಿ ಬಿಡಿಸಿದ ಹೆಣ್ಣುಹುಡುಗಿ, ಮೋತಿಗೆ ಅರಿಷಿಣ, ಬಾಗಿಲಿಗೆ ಹಂದರ. ನಮ್ಮ ಕಡೆ ಇಷ್ಟು ನೋಡಿದಮ್ಯಾಲೆ ಯಾರಾದ್ರೂ ಏನಂತ ತಿಳಿಬೇಕು? ಅಧಿಕಾರಿಗಳಿಗೆ ಫೋನ್ ಯಾರು ಮಾಡಿದ್ರು ಅಂತ ನಾ ಹೇಳೂದಿಲ್ಲ. ಆ ಗೇಟಿಗೆ ಮೊನ್ನೆ ಮತ್ತ ಹಳದಿ ಬಣ್ಣಾನೇ ಹೊಡಿಸ್ಯಾರ.

ಜೀಪು ಬಂದು ನಿಂತಿತು. ಒಬ್ಬ ಮೇಡಮ್, ಒಬ್ಬಾಕಿ ಮಹಿಳಾ ಪೊಲೀಸ್. ಸಣ್ಣ ಹುಡುಗಿ ಮದುವಿ ನಡದದ ಅಂತ ಸುದ್ದಿ ಬಂದದ, ನಿಲ್ಲಸಾಕ ಬಂದೀವಿ ಅಂದ್ರು. ಅವರ ಕೆಲಸ ಅವರು ಮಾಡಿದ್ರು, ತಪ್ಪಿಲ್ಲ.

"ಇದು ಗೊಂಬಿ ಮದುವಿ ರೀ," ಅಂತ ಸೊಸಿ ಕೈ ಮುಗಿದಳು.

"ಸಿಕ್ಕಬಿದ್ದ ಮನ್ಯಾಗೆಲ್ಲಾ ಒಂದೊಂದು ಕಥಿ ಹೇಳ್ತಾರಮ್ಮಾ. ಮದುಮಗಳು ಎಲ್ಲಿ?"

"ಒಳಗ ಮಲಗ್ಯಾಳ್ರೀ," ಅಂತು ಹುಡುಗಿ. "ತರ್ಲೇನು?" ಓಡಿಹೋಗಿ ಗೊಂಬಿ ಎತ್ಕೊಂಡು ಬಂತು. ಕೈಯಿಂದ ಹೊಲೆದ ಅರಿವಿ ಗೊಂಬಿ, ಹಣಿ ಮ್ಯಾಲೆ ಬಾಸಿಂಗ. ಮೇಡಮ್ ತಿರುವಿ ನೋಡಿದ್ರು. ಪೊಲೀಸಾಕಿ ಮೀಸಿ ಇದ್ದಿದ್ರ ಮೀಸ್ಯಾಗ ನಗ್ತಿದ್ದಳು. ಹೂರಣದ ವಾಸನಿ ಬ್ಯಾರೆ ಹೊಂಟಿತ್ತು, ಇನ್ನೇನು ಊಟಕ್ಕ ಕುಂದ್ರತಾರ ಅನ್ನೋದ್ರಾಗ ಗೊಂಬಿ ತಯಾರು ಮಾಡಾಕ ಹುಡುಗಿ ಒಳಗ ಹೋತು.

ಅಷ್ಟರಾಗ ಹಂದರದ ಬಾಯಾಗ ನನ್ನ ಹಿರಿ ಮಗ ಬಂದು ನಿಂತ. ಬಿಳಿ ಅಂಗಿ, ಬಿಳಿ ಧೋತರ, ಹೆಗಲ ಮ್ಯಾಲೆ ಹೊಸಾ ಟ್ರಂಕು. ಹೊರಗಿನಿಂದಲೇ ಒದರಿದ, "ಹುಡುಗಿನ್ನ ಕರ್ಕೊಂಡು ಹೋಗಾಕ ಬಂದೀನಿ, ತಯಾರಾಗ್ಯಾಳೇನು?"

ಪೊಲೀಸಾಕಿ ನಗಿ ಅಲ್ಲೇ ನಿಂತಿತು, ಆಕಿ ಕಣ್ಣಿಗೆ ಮದುಮಗನೇ ಬಂದಂಗಾತು. ಮುಂದ ಹೋಗಿ ಆತನ ರಟ್ಟಿ ಹಿಡಿದಳು. "ಯಾವೂರು ನಿಂದು?"

"ದೇವದುರ್ಗ."

"ಟ್ರಂಕಿನ್ಯಾಗ ಏನದ?"

"ಹುಡುಗಿಗೆ ಹೊಸಾ ಅರಿವಿ ರೀ."

"ಯಾರ್ಯಾರ ಜೋಡಿ ಮಾತಾಗ್ಯಾದ?"

"ಎಲ್ಲಾ ಮಾತಾಗ್ಯಾದ್ರೀ, ನಾಳಿಂದ ಅಲ್ಲೇ ಇರ್ತಾಳ." ಪಾಪ, ಏನು ಕೇಳಿದ್ರೂ ಖರೇನೇ ಹೇಳಾಕತ್ತಿದ್ದ.

ಮೇಡಮ್ ಆತನನ್ನ ಹಂದರದಾಗ ಟ್ರಂಕಿನ ಮ್ಯಾಲೆ ಕೂಡಿಸಿದ್ರು. ಸೊಸಿ ಬಾಯಿ ತೆಗೀಬೇಕು ಅನ್ನೋದ್ರಾಗ ನಾನು ಆಕಿ ಕಾಲು ತುಳಿದೆ. ಮೇಡಮ್ ನನ್ನ ಕಡೆ ತಿರುಗಿದ್ರು.

"ಯವ್ವಾ, ನೀವು ಹಿರ್ಯಾರಿದ್ದೀರಿ. ಈತ ಯಾರು ಗೊತ್ತೇನು?"

ನಾನು ಕನ್ನಡಕ ತೆಗೆದೆ, ಸೆರಗಿಲೆ ಸಾವಕಾಶ ಒರೆಸಿದೆ, ಹಾಕ್ಕೊಂಡು ನೋಡಿದೆ. "ಎಲ್ಲೋ ನೋಡಿದಂಗ ಅದರೀ."

"ಯವ್ವಾ," ಅಂದ ಮಗ.

"ಯವ್ವಾ ಅಂತ ಎಲ್ಲಾರೂ ಅಂತಾರ್ರೀ. ಈಗ ನೀವೂ ಅಂದ್ರಿ." ನಾನು ಆತನ ಮುಂದ ಹೋಗಿ ನಿಂತೆ. "ತಮ್ಮಾ, ಈ ಮೇಡಮ್ಮೋರ ಮುಂದ ಖರೇ ಹೇಳು. ಹುಡುಗಿನ್ನ ಒಯ್ಯಾಕ ಬಂದೀಯೋ, ಗೊಂಬಿ ಮದುವಿ ಊಟಕ್ಕ ಬಂದೀಯೋ?"

ಆತ ಪೊಲೀಸಾಕಿ ನೋಡಿದ, ಜೀಪು ನೋಡಿದ. ಹಳದಿ ಗೇಟಿನ ಮ್ಯಾಲಿಂದ ಓಣಿಗೆ ಓಣಿನೇ ಇಣಿಕಿ ಹಾಕಾಕತ್ತಿತ್ತು.

"ಊಟಕ್ಕ," ಅಂದ.

"ಬರೇ ಊಟಕ್ಕ?"

"ಬರೇ ಊಟಕ್ಕ."

"ಮುಂದ ಎಂದಾದ್ರೂ ಒಯ್ತೀನಂತ ಬರ್ತೀಯೇನು?"

"ಇಲ್ಲ ಯವ್ವಾ."

"ಬಿಡ್ರಿ ಮೇಡಮ್," ಅಂದೆ. "ಈಗ ಗುರ್ತು ಹತ್ತಿತು. ನನ್ನ ಹಿರಿ ಮಗ."