ಆಯಿ ಹೋಗಿ ಅಜ್ಜಿ ಬಂದದ್ದು

ಲೇಖಕನಾಗುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಕಪಾಟಿನ ತುಂಬ ಪುಸ್ತಕ, ಜೇಬಿನಲ್ಲೊಂದು ನೋಟ್‌ಬುಕ್, ಮುಖದ ಮೇಲೆ ಸ್ವಲ್ಪ ಚಿಂತೆ. ಇಷ್ಟಿದ್ದರೆ ಸಾಕು! ಆಳಂದದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದ ನನ್ನ ಬಳಿ ಈ ಮೂರೂ ಇದ್ದವು. ಕಲೆಯಿಂದಲೂ ಸ್ಫೂರ್ತಿ ಪಡೆಯೋಣವೆಂದು ಕಲಬುರಗಿಯಲ್ಲೊಂದು ಚಿತ್ರಪ್ರದರ್ಶನಕ್ಕೆ ಹೋಗಿ, ನೀಲಿ ಬಣ್ಣದ ಗಂಭೀರ ಕೃತಿಯೊಂದರ ಮುಂದೆ ಅರ್ಧ ಗಂಟೆ ನಿಂತೆ.

"ರೀ, ಅದು ಚಿತ್ರ ಅಲ್ರಿ. ಮೀಟರ್ ಬೋರ್ಡಿಗಿ ಹಾಕಿದ ಬಟ್ಟಿ ಅದ," ಎಂದಳು ನನ್ನ ಹೆಂಡತಿ ನೀಲಮ್ಮ. ಜೇವರ್ಗಿಯವಳು. ನೇರ ಮಾತು.

ನನ್ನ ನಿಜವಾದ ಬಂಡವಾಳ ಬೇರೆಯೇ ಇತ್ತು. ಅದು ನಮ್ಮ ಆಯಿ. ನಮ್ಮ ಕಡೆ ತಂದೆಯ ತಾಯಿಗೆ ಆಯಿ ಅನ್ನುತ್ತೇವೆ. ಗೊಬ್ಬೂರಿನಲ್ಲಿ ಕಾಕಾನ ಮನೆಯಲ್ಲಿರುತ್ತಾಳೆ. ಓದು ಬರಹ ಬಾರದು, ಮಾತು ಮಾತ್ರ ಮುಗಿಯದು. ನಾನು ಹೋದಾಗಲೆಲ್ಲ ತನ್ನ ಬದುಕಿನ ಕಥೆ ಹೇಳುವಳು, ನಾನು ಬರೆದುಕೊಳ್ಳುವೆ. ಹೀಗೆ ಎಂಟು ವರ್ಷದಲ್ಲಿ ಒಂದು ಪುಸ್ತಕವೇ ಆಯಿತು.

"ಲೇ ಶಿವ್ಯಾ, ಇದರಾಗ ನಾ ಇರ್ತೇನೇನೋ?"

"ಆಯಿ, ಇದು ಪೂರಾ ನೀನೇ!"

"ಹಂಗಾದ್ರ ದೌಡ ಮಾಡಪಾ. ಕಣ್ಣಂತೂ ಹೋದವು. ಕಿವಿ ಇರೋದ್ರಾಗ ನನ್ನ ಕಥಿ ನಾ ಒಮ್ಮಿ ಕೇಳಬೇಕು."

ಆಕೆ ಜೀವನದಲ್ಲಿ ನನ್ನಿಂದ ಕೇಳಿದ್ದು ಅದೊಂದನ್ನೇ.

ಅಷ್ಟರಲ್ಲಿ ಕಡಗಂಚಿಯ ವಿಶ್ವವಿದ್ಯಾಲಯದ ವಿಚಾರ ಸಂಕಿರಣಕ್ಕೆ ಮೈಸೂರು ಕಡೆಯ ವಿದ್ವಾಂಸರೊಬ್ಬರು ಬಂದಿದ್ದರು. ಅವರ ಕೈಗೆ ಹಸ್ತಪ್ರತಿ ಹಾಕಿದೆ. ಎರಡು ಪುಟ ತಿರುವಿ ಕೇಳಿದರು, "ಚೆನ್ನಾಗಿದೆ ಮೇಷ್ಟ್ರೇ. ಈ ಆಯಿ ಅಂದರೆ ಯಾರು? ಮಕ್ಕಳನ್ನ ನೋಡಿಕೊಳ್ಳೋ ಆಯಾನಾ?"

ಒಂದೇ ಪ್ರಶ್ನೆ! ನನ್ನ ಎಂಟು ವರ್ಷದ ಧೈರ್ಯ ಅಲ್ಲೇ ಇಳಿದುಹೋಯಿತು. 'ನಮ್ಮ ಆಯಿ ಸರ್' ಎಂದು ಹೇಳಲು ನನಗೆ ಏಕೋ ನಾಚಿಕೆಯಾಯಿತು. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತಿದೆ, ಆದರೆ ಕಾರಣ ಬೇರೆ.

ಮರುದಿನ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತೆ. ಎಲ್ಲೆಲ್ಲಿ 'ಆಯಿ' ಇದೆಯೋ ಅಲ್ಲೆಲ್ಲ 'ಅಜ್ಜಿ' ಹಾಕು ಎಂದು ಆಜ್ಞಾಪಿಸಿದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಒಂಬೈನೂರು ಕಡೆ ಬದಲಾಗಿದೆ ಎಂದು ಯಂತ್ರ ವರದಿ ಒಪ್ಪಿಸಿತು. ನನ್ನ ಕಣ್ಣು ತುಂಬಿ ಬಂತು. ಒಂಬೈನೂರು ಸಲ! ಆಯಿಯ ಮೇಲೆ ನನಗೆ ಇಷ್ಟೊಂದು ಪ್ರೀತಿಯೇ!

"ಅಚ್ಚಿಗಿ ಕೊಡೋಕಿಂತ ಮೊದಲ ಒಮ್ಮಿ ಓದಿ ನೋಡ್ರಿ," ಎಂದಳು ನೀಲಮ್ಮ.

"ಬರೆದವನಿಗೆ ಗೊತ್ತಿರೂದಿಲ್ಲೇನು, ಒಳಗ ಏನದ ಅಂತ?"

ಗೊತ್ತಿರಲಿಲ್ಲ. ಪುಸ್ತಕದ ಕಟ್ಟುಗಳು ಬಂದಾಗಲೂ ಬೆನ್ನಪುಟದ ನನ್ನ ಫೋಟೋ ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿದೆ. ಬಹಳ ಚೆನ್ನಾಗಿ ಬಂದಿತ್ತು.

ಬಿಡುಗಡೆಯನ್ನು ಗೊಬ್ಬೂರಿನಲ್ಲೇ, ಕಾಕಾನ ಅಂಗಳದಲ್ಲೇ ಇಟ್ಟುಕೊಂಡೆ. ಊರ ಮಂದಿಯೆಲ್ಲ ಬಂದರು. ಮುಂದಿನ ಸಾಲಿನಲ್ಲಿ ಇಳಕಲ್ಲ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಆಯಿ ಕುಳಿತಳು. ಗಂಡನನ್ನು ಕಳೆದುಕೊಂಡ ವರ್ಷ ಆಕೆ ಒಬ್ಬಳೇ ಹೊಲಕ್ಕಿಳಿದ ಅಧ್ಯಾಯವನ್ನು ನಾನು ಗದ್ಗದ ದನಿಯಲ್ಲಿ ಓದತೊಡಗಿದೆ.

"ಗಂಡ ತೀರಿಕೊಂಡು ಒಂದು ತಿಂಗಳು ಅಜ್ಜಿತು."

ನಿಲ್ಲಿಸಿದೆ. ಕನ್ನಡಕ ಒರೆಸಿಕೊಂಡೆ. ಮತ್ತೆ ನೋಡಿದೆ. ಅಜ್ಜಿತು! ತಲೆಯಲ್ಲಿ ಮಿಂಚು ಹೊಡೆಯಿತು. 'ಆಯಿತು' ಎಂಬ ಪದದ ಹೊಟ್ಟೆಯಲ್ಲೂ ಒಬ್ಬ ಆಯಿ ಕುಳಿತಿದ್ದಳು. ಯಂತ್ರ ಆಕೆಯನ್ನೂ ಬಿಟ್ಟಿರಲಿಲ್ಲ.

ನಿಭಾಯಿಸಬಹುದೆಂದು ಮುಂದುವರಿದೆ. ಗಾಬರಿಯಲ್ಲಿ ಕಂಡದ್ದನ್ನೇ ಓದಿದೆ. "ಮಳೆ ಶುರು ಅಜ್ಜಿತು. ಅಜ್ಜಿ ತೊಗರಿ ಬಿತ್ತಿದಳು. ಮೊಣಕಾಲಿಗೆ ಅಜ್ಜಿಂಟ್‌ಮೆಂಟ್ ಹಚ್ಚಿಕೊಂಡು, ಪಕ್ಕದ ಹೊಲದವರ ಅಜ್ಜಿಲ್ ಇಂಜಿನ್ ಕೇಳಿ ತಂದಳು."

ಅಂಗಳಕ್ಕೆ ಅಂಗಳವೇ ನಕ್ಕಿತು. ಕಾಕಾ ಟವೆಲ್ಲು ಬಾಯಿಗೆ ಒತ್ತಿಕೊಂಡ. ಹಿಂದಿನಿಂದ ಯಾರೋ ಕೂಗಿದರು, "ಮಾಸ್ತರ್ರೇ, ಅಜ್ಜಿಲ್ ಲೀಟರಿಗಿ ಹ್ಯಾಂಗ್ರಿ?"

ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ. ಎದ್ದು ನಿಂತು ಘೋಷಿಸಿದರು, "ಲೇಖಕರು ಕನ್ನಡಕ್ಕ ಒಂದು ಹೊಸ ಕ್ರಿಯಾಪದ ಕೊಟ್ಟಾರ್ರಿ. ಎಲ್ಲಾ ಘಟನೆಯೊಳಗೂ ಅಜ್ಜಿನೇ ತುಂಬ್ಯಾಳ ಅಂತ ಇದರ ಅರ್ಥ!"

ನಾನು ವಿನಯದಿಂದ ತಲೆ ಬಾಗಿಸಿದೆ. ಹೌದು, ಬಾಗಿಸಿದೆ! ತಪ್ಪಾಗಿದೆ ಎಂದು ಒಂದು ಮಾತು ಹೇಳುವ ಬದಲು ಚಪ್ಪಾಳೆ ಹೊಡೆಸಿಕೊಂಡೆ.

ಮಂದಿ ಚಹಾ ಕುಡಿದು ಹೋದ ಮೇಲೆ ಆಯಿ ನನ್ನನ್ನು ಹತ್ತಿರ ಕರೆದಳು.

"ಯಾಕ ನಕ್ಕರೋ ಎಲ್ಲಾರೂ? ಗಂಡ ಸತ್ತಿದ್ದು ನಗೂ ಮಾತೇನು?"

ನಾನು ಪುಸ್ತಕವನ್ನು ಕಂಕುಳಲ್ಲಿ ಅಡಗಿಸಿಕೊಂಡೆ.

"ಹೋಗಲಿ ಬಿಡು. ಆ ಅಜ್ಜಿ ಯಾರಪಾ? ಪಾಪ, ಆಕಿನೂ ನನ್ನಂಗೇ ಗಂಡನ್ನ ಕಳಕೊಂಡು ತೊಗರಿ ಬಿತ್ಯಾಳ. ಚಲೋ ಹೆಣ್ಮಗಳು. ಆದ್ರ ನನ್ನ ಕಥಿ ಓದ್ತೇನಿ ಅಂದಿದ್ದಿಯಲ್ಲ? ಅದನ್ನ ಯಾವಾಗ ಓದ್ತಿ?"

"ಅದು ನೀನೇ, ಆಯಿ."

"ನಾ ಹ್ಯಾಂಗ ಅಜ್ಜಿ ಆಗ್ತೇನೋ? ಹುಟ್ಟಿದಾಗಿಂದ ನೀ ನನಗ ಆಯಿ ಅಂದಿ. ಊರ ಹುಡುಗ್ರೆಲ್ಲಾ ಆಯಿ ಅಂತಾರ." ನನ್ನ ಕೈ ಹಿಡಿದು ಕೇಳಿದಳು, "ಪುಸ್ತಕದಾಗ ಆಯಿ ಅನ್ಲಾಕ ನಾಚಿಕಿ ಬಂತೇನು?"

ಆಕೆಗೆ ಮೈಸೂರಿನ ವಿದ್ವಾಂಸರ ವಿಷಯವನ್ನು ಯಾರೂ ಹೇಳಿರಲಿಲ್ಲ.

ಆಮೇಲೆ ಎರಡು ವಾರ ನಾನೂ ನೀಲಮ್ಮನೂ ಕೆಂಪು ಪೆನ್ನು ಹಿಡಿದು ಪ್ರತಿಯೊಂದು ಪುಸ್ತಕದಲ್ಲೂ ಅಜ್ಜಿಯನ್ನು ಹೊಡೆದು ಆಯಿಯನ್ನು ಕೂಡಿಸಿದೆವು. ಅಷ್ಟರಲ್ಲಿ ಆಳಂದದ ಬಸ್ ಸ್ಟ್ಯಾಂಡಿನವರೆಗೂ ನನ್ನ ಕ್ರಿಯಾಪದ ತಲುಪಿತ್ತು. "ಸರ್, ಊಟ ಅಜ್ಜಿತೇನ್ರಿ?" ಎಂದು ಕೇಳದವರಿಲ್ಲ. ಎಂಟು ವರ್ಷ ಬರೆದದ್ದರಲ್ಲಿ ಜನರ ಬಾಯಲ್ಲಿ ಉಳಿದದ್ದು ನಾನು ಬರೆಯದ ಆ ಒಂದು ಪದ.

ತಿದ್ದಿದ ಮೊದಲ ಪ್ರತಿಯನ್ನೂ ಹೊಸ ನೋಟ್‌ಬುಕ್ಕನ್ನೂ ಹಿಡಿದು ಇಬ್ಬರೂ ಗೊಬ್ಬೂರಿಗೆ ಹೋದೆವು. ಆಯಿಯ ಕಿವಿಯ ಬಳಿ ಕುಳಿತು ಆ ಅಧ್ಯಾಯವನ್ನು ಮತ್ತೆ ಓದಿದೆ. ಪ್ರತಿ ಸಾಲಿನಲ್ಲೂ 'ಆಯಿ' ಎಂದು ಜೋರಾಗಿಯೇ ಅಂದೆ. ಆಕೆ ಪೂರ್ತಿ ಕೇಳಿದಳು. ಒಳ್ಳೆಯ ಗುರುತು ಎಂದುಕೊಂಡು ಮೆಲ್ಲಗೆ ನೋಟ್‌ಬುಕ್ ತೆರೆದೆ.

"ಆಯಿ, ಇನ್ನೊಂದು ಕಥಿ ಹೇಳು."

ಆಯಿ ನನ್ನ ತಲೆ ಸವರಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನನಗ್ಯಾಕ ಕೇಳ್ತಿಯಪಾ? ನಿನಗ ಪುಸ್ತಕದಾಗ ಒಬ್ಬ ಅಜ್ಜಿ ಅದಾಳಲ್ಲ, ಆಕಿಗಿ ಕೇಳು."

ಮರಳಿ ಬರುವಾಗ ಬಸ್ಸಿನಲ್ಲಿ ಖಾಲಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ನನ್ನನ್ನು ನಗಿಸಲೆಂದೋ ಏನೋ, ನೀಲಮ್ಮ ಮೆಲ್ಲಗೆ ಕೇಳಿದಳು, "ಹೋದ ಕೆಲಸ ಅಜ್ಜಿತೇನ್ರಿ?"

ಕನ್ನಡಕ್ಕೆ ಹೊಸ ಕ್ರಿಯಾಪದ ಕೊಟ್ಟ ಲೇಖಕನಿಗೆ ಅದರ ನಿಷೇಧರೂಪ ಗೊತ್ತಿರಲಿಲ್ಲ. "ಆಗಲಿಲ್ಲ," ಎಂದೆ.