ಅನ್ಯಭಾಷೆಗೆ ಕಾದ ನನ್ನ ನಾಲಿಗೆ

ಕೆಲವರಿಗೆ ದೇವರು ವರ ಕೊಡುತ್ತಾನೆ, ಕೆಲವರಿಗೆ ಬರೀ ಫಜೀತಿ. ನಾನು ಎರಡನೆಯ ಗುಂಪಿನವನು. ಚಾಮರಾಜನಗರದಿಂದ ಕೊಯಮತ್ತೂರಿನ ಪಂಪ್ ಕಾರ್ಖಾನೆಯ ಕೆಲಸಕ್ಕೆ ಬಂದ ಮೇಲೆ, ಸಿಂಗಾನಲ್ಲೂರಿನಲ್ಲಿ ನಾನೂ ಹೆಂಡತಿಯೂ ಮನೆ ಹತ್ತಿರದ ತಮಿಳು ಕ್ರೈಸ್ತ ಸಭೆಗೆ ಸೇರಿದೆವು. ನಮ್ಮೂರ ಚರ್ಚಿನಲ್ಲಿ ಕೆಮ್ಮಿದರೂ ಜನ ತಿರುಗಿ ನೋಡುತ್ತಿದ್ದರು. ಇಲ್ಲಿ ಪವಿತ್ರಾತ್ಮ ಇಳಿದರೆ, ಯಾರಿಗೂ ಅರ್ಥವಾಗದ ಅನ್ಯಭಾಷೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ನನ್ನ ಹೆಂಡತಿಗೆ ಅದು ಬೇಗನೆ ಬಂತು, ನನಗೆ ಬರಲೇ ಇಲ್ಲ. ಹೊರಗೆ ನಗುತ್ತಿದ್ದೆ. ಒಳಗೆ ಮಾತ್ರ, ದೇವರಿಗೆ ನಾನು ಬೇಡವೇನೋ ಎಂಬ ಸಂಕಟ.

ಬಂತು, ಆದರೆ ಎಲ್ಲಿಗೆ?

ವರ ಸಿಗದವರಿಗೆಂದೇ ಶನಿವಾರ ‘ಕಾತ್ತಿರುಪ್ಪು ಕೂಟ’, ಅಂದರೆ ಕಾಯುವ ಕೂಟ. ಮಂಡಿಯೂರಿ, ಕಣ್ಣು ಮುಚ್ಚಿ, ‘ಸ್ತೋತ್ರ ಸ್ತೋತ್ರ’ ಎಂದು ಬಿಡದೆ ಹೇಳುತ್ತಾ ಕಾಯಬೇಕು. ಕಾದೆ. ಇದ್ದಕ್ಕಿದ್ದಂತೆ ಮೀನಖಂಡ ಸೆಳೆದು ಗಂಟುಕಟ್ಟಿತು. ನಾನು ಏನೋ ಕಿರುಚಿಕೊಂಡು ಮೇಲೆ ಹಾರಿದೆ. ಸುತ್ತಲಿದ್ದವರೆಲ್ಲ “ಅಲ್ಲೇಲೂಯಾ!” ಎಂದರು. ಇಬ್ಬರು ಹಿರಿಯರು ತೋಳು ಹಿಡಿದು, “ವಿಟ್ರಾದೀಂಗೊ ತಂಬಿ!” ಎಂದು ಹುರಿದುಂಬಿಸಿದರು. ಬಿಡಬೇಡ ತಮ್ಮಾ, ಅಂತ. ಬಿಡುವುದೆಲ್ಲಿ, ಅದೇ ನನ್ನನ್ನು ಹಿಡಿದಿತ್ತು. ನಾನು ಒಂಟಿಕಾಲಲ್ಲಿ ಕುಣಿದಷ್ಟೂ ಅವರ ಚಪ್ಪಾಳೆ ಜೋರಾಯಿತು.

ಮನೆಗೆ ಬಂದಾಗ ಹೆಂಡತಿ ಆಸೆಯಿಂದ, “ಬಂತೇನ್ರೀ?” ಎಂದಳು.

“ಬಂತು ಕಣೇ. ನಾಲಿಗೆಗಲ್ಲ, ಮೀನಖಂಡಕ್ಕೆ.”

ಹೆಲ್ಮೆಟ್ಟಿನೊಳಗೆ

“ನಾಲಿಗೆಯನ್ನು ಸುಮ್ಮನೆ ಇಡಬೇಡ, ದಾರಿಯಲ್ಲೂ ಸ್ತುತಿಸು” ಎಂದರು ಪಾಸ್ಟರು. ಸರಿ, ಕಾರ್ಖಾನೆಗೆ ಹೋಗುವಾಗ ಹೆಲ್ಮೆಟ್ಟಿನೊಳಗೇ ಶುರುಮಾಡಿದೆ. ಸಿಗ್ನಲ್ಲಿನಲ್ಲಿ ಪೊಲೀಸಿನವರು ಹೆಲ್ಮೆಟ್ ಮೇಲೆ ಟಕಟಕ ತಟ್ಟಿದರು.

“ಫೋನ್ ತೆಗೀರಿ.”

“ಫೋನ್ ಬ್ಯಾಗಲ್ಲಿದೆ ಸಾರ್.”

“ಮತ್ತೆ ಯಾರ ಹತ್ರ ಮಾತು?”

ಸುಳ್ಳು ಹೇಳಲಾಗದೆ, “ದೇವರ ಹತ್ರ” ಎಂದೆ.

ಹೆಲ್ಮೆಟ್ ತೆಗೆಸಿ, ಎರಡು ಕಿವಿಯನ್ನೂ ನೋಡಿದರು. ಏನೂ ಸಿಗಲಿಲ್ಲ. ಆಮೇಲೆ ಬಹಳ ಗೌರವದಿಂದ ಹೇಳಿದರು: “ಯಾರೇ ಆಗಲಿ ಸಾರ್, ಗಾಡಿ ಪಕ್ಕಕ್ಕೆ ಹಾಕಿ ಮಾತಾಡಿ.”

ಅರ್ಥ ಹೇಳುವವರು

ನನಗೆ ಬಸ್ಸೆಂದರೆ ವಾಂತಿ. ಊರಿಂದ ಬರುವಾಗ ದಿಂಬಂ ಘಾಟಿನ ತಿರುವುಗಳಲ್ಲಿ ಕಣ್ಣು ಮುಚ್ಚಿ, ದಾರಿಯ ಊರುಗಳ ಹೆಸರನ್ನು ಗೊಣಗುತ್ತಾ ಕೂರುವುದೇ ನನ್ನ ಔಷಧಿ. ಇದು ಪಕ್ಕದಲ್ಲಿ ನಿಂಬೆಹಣ್ಣು ಹಿಡಿದು ಕೂರುವ ಹೆಂಡತಿಗೆ ಮಾತ್ರ ಗೊತ್ತು.

ಒಂದು ದಿನ ಸಭೆಯಲ್ಲಿ ಉಪವಾಸ ಪ್ರಾರ್ಥನೆ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ, ಸೆಕೆ ಬೇರೆ. ಕಣ್ಣು ಮುಚ್ಚಿದರೆ ಇಡೀ ಸಭೆ ಗಿರ್ರನೆ ತಿರುಗುತ್ತಿತ್ತು. ಆಗ ನಾಲಿಗೆ ತಾನಾಗಿ ಓಡತೊಡಗಿತು! ಏನು ಹೇಳುತ್ತಿದ್ದೇನೆಂದು ನನಗೇ ತಿಳಿಯದು. ಕೊನೆಗೂ ದೇವರು ಕರುಣಿಸಿದನೆಂದು ಕಣ್ಣೀರು ಸುರಿಯಿತು. ಒಬ್ಬರ ಅನ್ಯಭಾಷೆ ಜೋರಾಗಿ ಎದ್ದರೆ ಉಳಿದವರು ಮೌನವಾಗಿ, ಯಾರಾದರೂ ಅದರ ಅರ್ಥ ಹೇಳಲೆಂದು ಕಾಯುವುದು ನಮ್ಮಲ್ಲಿ ವಾಡಿಕೆ. ಎಲ್ಲರೂ ಮೌನವಾದರು. ಆ ಮೌನದಲ್ಲಿ ನನ್ನ ದನಿಯೊಂದೇ ನನ್ನ ಕಿವಿಗೂ ಬಿತ್ತು:

“ಪುಣಜನೂರು ಹಾಸನೂರು ದಿಂಬಂ ಬಣ್ಣಾರಿ ಸತ್ಯಮಂಗಲಂ ಪುಳಿಯಂಪಟ್ಟಿ ಅನ್ನೂರು ಕೋವಿಲ್‌ಪಾಳಯಂ ಗಾಂಧಿಪುರಂ...”

ಕಣ್ಣು ಬಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, “ತಂಬಿ, ಅನ್ನೂರಲ್ಲಿ ನಿಲ್ಲಿಸ್ತಾರಾ?” ಎಂದು ಕೇಳಿದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಾಸ್ಟರು ನಗು ತಡೆದುಕೊಂಡು, ವಾಡಿಕೆಯಂತೆ ಕೇಳಿದರು: “ಅರ್ಥ ಹೇಳುವವರು ಯಾರಾದರೂ ಇದ್ದೀರಾ?”

ಹೆಂಗಸರ ಕಡೆಯಿಂದ ನನ್ನ ಹೆಂಡತಿ ಎದ್ದು ನಿಂತಳು.

“ನಾನಿದ್ದೀನಿ ಅಯ್ಯಾ. ಇವರಿಗೆ ಈಗ ವಾಂತಿ ಬರುತ್ತೆ. ಬೇಗ ಯಾರಾದರೂ ಒಂದು ಬಕೆಟ್ ತನ್ನಿ.”

ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಪಾಸ್ಟರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ತಂಬಿ, ನಿನ್ನ ಭಾಷೆ ಹೆಂಡತಿಗೇ ಇಷ್ಟು ಅರ್ಥವಾಗುವಾಗ ದೇವರಿಗೆ ಆಗುವುದಿಲ್ಲವಾ?” ಎಂದರು. ಎಷ್ಟೋ ದಿನದ ಭಾರ ಎದೆಯಿಂದ ಇಳಿದಂತಾಯಿತು. ಅವರಿಗೆ ಧನ್ಯವಾದ ಹೇಳಲು ಬಾಯಿ ತೆರೆದೆ.

ಹೆಂಡತಿ ಹೇಳಿದ ಅರ್ಥ ಸರಿಯಾಗಿತ್ತು. ಬಕೆಟ್ ಮಾತ್ರ ಇನ್ನೂ ಬಂದಿರಲಿಲ್ಲ.